ಆಂಪ್ಲಿಫೈಯರ್ ಮಾರಿದ ಭಾವನ ಜೊತೆ ಸುಗ್ಗಿ ತಿರುಗಾಟ

ಭಾನುವಾರ, ಕಾರವಾರ

ಭಾವ ಎಂದರೆ ಸೋದರತ್ತೆಯ ಮಗ. ನಮ್ಮ ಹವ್ಯಕರಲ್ಲಿ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕವನೂ ಭಾವನೇ, ಆದರೆ ಇವನು ಸಂಬಂಧದ ಲೆಕ್ಕಕ್ಕೆ ಸಿಗುವ ಭಾವ. ಶಿರಸಿ ಸೀಮೆಯ ತೋಟದ ಮನೆಯಲ್ಲಿ ಹುಟ್ಟಿ, ಇಂಜಿನಿಯರಿಂಗ್ ಓದಲು ಬೆಂಗಳೂರಿಗೆ ಹೋಗಿ, ಓದಿಗಿಂತ ಹೆಚ್ಚಿನ ಶ್ರದ್ಧೆಯಿಂದ ಪಂಕ್ ಎಂಬ ಸಿಟ್ಟಿನ, ವೇಗದ ರಾಕ್ ಸಂಗೀತದ ಬ್ಯಾಂಡು ಕಟ್ಟಿದವನು. ಬೆಂಗಳೂರಿನಲ್ಲಿ ಮೆಟಲ್ ಕೇಳುವವರು ಬೇಕಾದಷ್ಟು ಸಿಗುತ್ತಾರೆ, ಪಂಕ್ ಕೇಳುವವರು ಒಂದು ಟೆಂಪೋದಲ್ಲಿ ಹಿಡಿಸುತ್ತಾರೆ ಎಂದು ಅವನೇ ಹೇಳುವುದುಂಟು. ಆ ಟೆಂಪೋದಷ್ಟು ಜನರ ಎದುರು ವರ್ಷಗಟ್ಟಲೆ ಕಿರುಚಿದ ಮೇಲೆ ಈಗ ಅವನ ಎಡಗಿವಿಯಲ್ಲಿ ಜೀರುಂಡೆ ಕೂತಂತಾಗಿದೆ. ಮಲಗಿದರೂ ಎದ್ದರೂ ಅದೇ ಕೊರೆತ. 85 ಡೆಸಿಬೆಲ್ ದಾಟಿದ ಸದ್ದಿನಲ್ಲಿ ದಿನಾ ಗಂಟೆಗಟ್ಟಲೆ ನಿಂತರೆ ಒಳಗಿವಿಯ ಸೂಕ್ಷ್ಮ ಜೀವಕೋಶಗಳು ಸಾಯುತ್ತವೆ, ಸತ್ತವು ಮತ್ತೆ ಹುಟ್ಟುವುದಿಲ್ಲ ಎಂದು ಡಾಕ್ಟರು ಹೇಳಿದರಂತೆ. ಭಾವ ಆಂಪ್ಲಿಫೈಯರ್ ಮಾರಿದ, ಗಿಟಾರಿನ ಸದ್ದು ಬದಲಿಸುವ ಪೆಡಲುಗಳನ್ನು ಮಾರಿದ, ಒಂದು ಮರದ ಗಿಟಾರು ಮಾತ್ರ ಇಟ್ಟುಕೊಂಡ. ಅದರ ಮರುವಾರ ನನಗೆ ಫೋನು: "ಊರ ಬದಿಯ ಹಾಡು ಕೇಳವು. ಸುಗ್ಗಿ ಟೈಮಿಗೆ ಬತ್ತಿ. ಕಾರು ತಗಂಡು ಬಾ."

ಹಾಗಾಗಿ ಬೆಳಗಿನ ಪಂಚಗಂಗಾ ಎಕ್ಸ್‌ಪ್ರೆಸ್ಸಿಗೆ ಶಿರವಾಡದ ಸ್ಟೇಶನ್ನಿನಲ್ಲಿ ಕಾದು ನಿಂತೆ. ತೋಳಿಲ್ಲದ ಕಪ್ಪು ಬನಿಯನ್ನು, ಹೆಗಲಿಗೆ ಗಿಟಾರು, ತಲೆಯ ಒಂದು ಬದಿ ಬೋಳು. ಅತ್ತೆ ನೋಡಿದರೆ ಮತ್ತೆ ಅಳುತ್ತಾಳೆ ಅಂದೆ. ಶಿರಸಿಗೆ ಮುಟ್ಟುವಷ್ಟರಲ್ಲಿ ಟೊಪ್ಪಿ ಹಾಕ್ಕೊಳ್ತೇನೆ ಅಂದ.

ಭಾನುವಾರ ಕಾರವಾರದಲ್ಲಿ ಸಂತೆ. ಘಟ್ಟದ ಮೇಲಿನ ತರಕಾರಿಯೂ ಕರಾವಳಿಯ ಒಣಮೀನೂ ಒಂದೇ ಬೀದಿಯಲ್ಲಿ ಕೂತಿರುತ್ತವೆ. ಕನ್ನಡದಲ್ಲಿ ಶುರುವಾದ ಚೌಕಾಸಿ ಕೊಂಕಣಿಯಲ್ಲಿ ಮುಗಿಯುತ್ತದೆ. ಮಧ್ಯಾಹ್ನ ಊಟಕ್ಕೆ ಕೂತಾಗ ಭಾವ ಬಂಗಡೆ ಫ್ರೈ ಹೇಳಿದ. ನಾನು ಹಲ್ಲು ಕಚ್ಚಿಕೊಂಡು ಪಕ್ಕದ ಟೇಬಲ್ಲಿಗೆ ಹೋದೆ. ಅಲ್ಲಿಂದಲೇ ಮಾತು ಮುಂದುವರಿಯಿತು, ಹೋಟೆಲಿನವರಿಗೆಲ್ಲ ಕೇಳಿಸುವಂತೆ.

ಪಂಕ್‌ನವರು ಹಳ್ಳಿಹಾಡಿಗೆ ಹೊರಳುವುದು ಅವನೊಬ್ಬನ ಹುಚ್ಚಲ್ಲವಂತೆ. 1977ರ ಹೊತ್ತಿಗೆ ಲಂಡನ್ನಿನ ಹುಡುಗರ ವೇದವಾಕ್ಯ ಒಂದೇ: ಗಿಟಾರಿನಲ್ಲಿ ಮೂರು ಕಾರ್ಡು (ಸ್ವರಗುಚ್ಛ) ಹಿಡಿಯಲು ಬಂದರೆ ಸಾಕು, ಬ್ಯಾಂಡು ಕಟ್ಟು. ಆ ಗುಂಪಿನಲ್ಲೇ ಓಡಾಡಿಕೊಂಡಿದ್ದ ಶೇನ್ ಮೆಗಾವನ್ 1982ರಲ್ಲಿ ದಿ ಪೋಗ್ಸ್ ಕಟ್ಟಿ, ಐರಿಷ್ ಹಾಡುಗಳನ್ನು ಅಕಾರ್ಡಿಯನ್, ಬ್ಯಾಂಜೊ, ತಗಡಿನ ಪೀಪಿ ಹಿಡಿದು ಪಂಕ್ ವೇಗದಲ್ಲಿ ಓಡಿಸಿದ. ಬಿಲ್ಲಿ ಬ್ರ್ಯಾಗ್ ಪಂಕ್ ಬ್ಯಾಂಡು ಮುರಿದ ಮೇಲೆ ಸೈನ್ಯ ಸೇರಿ, ಕೆಲವೇ ತಿಂಗಳಲ್ಲಿ ದುಡ್ಡು ಕಟ್ಟಿ ಬಿಡಿಸಿಕೊಂಡು ಬಂದು, ಒಂಟಿಯಾಗಿ ಗಿಟಾರು ಹಿಡಿದ. ಅಮೆರಿಕದ ವುಡಿ ಗತ್ರಿ ಬರೆದಿಟ್ಟು ಸತ್ತಿದ್ದ, ರಾಗವಿಲ್ಲದ ಸಾಹಿತ್ಯಕ್ಕೆ 1998ರಲ್ಲಿ ವಿಲ್ಕೊ ಎಂಬ ಬ್ಯಾಂಡಿನ ಜೊತೆ ರಾಗ ಹಾಕಿದವನೂ ಅವನೇ. ಇನ್ನು ಚಂಬಾವಾಂಬಾ: 1982ರಲ್ಲಿ ಲೀಡ್ಸ್ ಊರಿನ ಅರಾಜಕವಾದಿ ಪಂಕರು, 2012ರಲ್ಲಿ ಬಾಗಿಲು ಮುಚ್ಚುವಾಗ ಕರೆಂಟಿನ ಹಂಗಿಲ್ಲದ ಜನಪದ ತಂಡ. "ವಯಸ್ಸಾದ ಮೇಲೆ ಎಲ್ಲರೂ ಭಜನೆಗೇ ಬತ್ತ," ಅಂದೆ. ಭಾವನಿಗೆ ಸಿಟ್ಟು ಬಂತು. ಅದು ಇಳಿದು ಕೂರುವುದಲ್ಲ, ಪಂಕ್‌ನ ಹಿಂದೆ ಇದ್ದದ್ದೇ ಅದು, ಯಾರ ಅಪ್ಪಣೆಯೂ ಇಲ್ಲದೆ ಯಾರು ಬೇಕಾದರೂ ಹಾಡಬಹುದು ಎಂಬ ಧೈರ್ಯ ಎಂದು ಮೀನಿನ ಮುಳ್ಳು ತೋರಿಸುತ್ತ ವಾದಿಸಿದ. ಇದ್ದರೂ ಇರಬಹುದು. ಯಾರ ಅಪ್ಪಣೆಯೂ ಇಲ್ಲದೆ ಎಂಬ ಮಾತು ಮಾತ್ರ ನನಗೆ ಪೂರ್ತಿ ಇಳಿಯಲಿಲ್ಲ. ಅದಕ್ಕೆ ಉತ್ತರ ಅಂಕೋಲೆಯಲ್ಲಿ ಸಿಕ್ಕಿತು.

ಸಂಜೆ ಕಡಲತೀರ. 2024ರ ಆಗಸ್ಟಿನಲ್ಲಿ ಮಧ್ಯರಾತ್ರಿ ಕುಸಿದ ಕಾಳಿ ನದಿಯ ಹಳೇ ಸೇತುವೆಯನ್ನು ಸದಾಶಿವಗಡದ ಬದಿಗೆ ಹೋಗಿ ನೋಡಿ ಬಂದಿದ್ದೆವು. ಮರಳಿನ ಮೇಲೆ ಕೂತಾಗ ಭಾವನಿಗೆ ಇದಕ್ಕೆ ಟಾಗೋರ್ ಬೀಚ್ ಎಂಬ ಹೆಸರು ಯಾಕೆ ಎಂಬ ಪ್ರಶ್ನೆ. ರವೀಂದ್ರನಾಥರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು, ತಮ್ಮ ರವೀಂದ್ರ ಇಪ್ಪತ್ತೆರಡರ ಹರೆಯದಲ್ಲಿ ಬಂದು ಉಳಿದಿದ್ದ ಎಂದೆ. ಅಷ್ಟಕ್ಕೆ ಬಿಡಬಹುದಿತ್ತು. ಆದರೆ ಹಾಡು ಹುಡುಕಿಕೊಂಡು ಬಂದವನಿಗೆ ಇನ್ನೊಂದು ವಿಷಯ ಹೇಳಬೇಕೆನಿಸಿತು. ಮುಂದೆ 1905ರಲ್ಲಿ ಇದೇ ಟಾಗೋರರು ಬರೆದ, ಈಗ ಬಾಂಗ್ಲಾದೇಶದ ರಾಷ್ಟ್ರಗೀತೆಯಾದ ಹಾಡಿನ ರಾಗ ಅವರದ್ದಲ್ಲ, ಗಗನ್ ಹರಕರಾ ಎಂಬ ಅಂಚೆಯವನದ್ದು. ಅಂಚೆ ಹಂಚುತ್ತ, ಬಂಗಾಳದ ಅಲೆಮಾರಿ ಸಾಧುಗಳ ಬಾವುಲ್ ಹಾಡು ಹೇಳುತ್ತಿದ್ದವನು. ಟಾಗೋರರು ಅವನ ಹಾಡನ್ನು ಅಚ್ಚು ಹಾಕಿಸಿದರು, ಬಾವುಲರ ಋಣವನ್ನು ಬಾಯ್ತುಂಬ ಹೇಳಿಕೊಂಡರು. ಆದರೂ ಬೀಚಿಗೆ ಯಾರ ಹೆಸರಿದೆ ನೋಡು. ಭಾವ ಸುಮ್ಮನಾದ. ಆಮೇಲೆ, "ನೀನು ಶುರುವಲ್ಲೇ ಹೆದರಸ್ತೆ ಮಾರಾಯ," ಅಂದ.

ಸೋಮವಾರ, ಅಂಕೋಲಾ

ಅಂಕೋಲೆಗೆ ಬಂದು ಹಾಡಿನ ಮಾತೆತ್ತಿದರೆ ಮೊದಲು ಬರುವ ಹೆಸರು ಬಡಗೇರಿಯ ಸುಕ್ರಿ ಬೊಮ್ಮಗೌಡರದ್ದು. 2017ರಲ್ಲಿ ಪದ್ಮಶ್ರೀ ಬಂದಾಗಲೂ ಅಷ್ಟೂ ಮಣಿಸರಗಳ ಜೊತೆ, ತಮ್ಮ ಹಾಲಕ್ಕಿ ಒಕ್ಕಲಿಗ ಜನರ ಉಡುಗೆಯಲ್ಲೇ ದಿಲ್ಲಿಗೆ ಹೋಗಿ ಬಂದ ಅಜ್ಜಿ. ಮದುವೆಯ ಹಾಡು, ನಾಟಿಯ ಹಾಡು, ಮಗು ತೂಗುವ ಹಾಡು ಎಲ್ಲವೂ ಬಾಯಲ್ಲೇ. ಕಾರವಾರ ಆಕಾಶವಾಣಿ ಅದರಲ್ಲಿ ಕೆಲವನ್ನು ಹಿಡಿದಿಟ್ಟುಕೊಂಡಿದೆ. ಅದೇ ಗಂಟಲಿನಲ್ಲಿ ಸಾರಾಯಿ ಅಂಗಡಿಗಳ ವಿರುದ್ಧ ಕೂಗಿದವರೂ ಅವರೇ. 2025ರ ಫೆಬ್ರವರಿ 13ಕ್ಕೆ ತೀರಿಕೊಂಡಿದ್ದರು, ನಾವು ಹೋದಾಗ ಇನ್ನೂ ತಿಂಗಳು ತುಂಬಿರಲಿಲ್ಲ. ಬಡಗೇರಿಗೆ ಹೋಗಿ ಮನೆಯವರ ಎದುರು ಕೂರುವುದು ಸರಿಯಲ್ಲ ಎನಿಸಿ ಹೋಗಲಿಲ್ಲ. ಬೇರೊಂದು ಕೊಪ್ಪದಲ್ಲಿ, ಅಂದರೆ ಹಾಲಕ್ಕಿಗಳ ಕೇರಿಯಲ್ಲಿ, ನನಗೆ ಗುರುತಿನ ಗೌಡರೊಬ್ಬರಿದ್ದರು. ಅವರಲ್ಲಿಗೆ ಹೋದೆವು.

ಹೋಳಿ ಹುಣ್ಣಿಮೆಗೆ ಮುಂಚಿನ ದಿನಗಳು ಹಾಲಕ್ಕಿಗಳಿಗೆ ಸುಗ್ಗಿ. ಸಂಜೆ ಹೊತ್ತಿಗೆ ಅಂಗಳದಲ್ಲಿ ತುರಾಯಿಗಳು ಸಾಲಾಗಿ ಕೂತಿದ್ದವು. ಬೆಂಡಿನ ಹೂವು, ಬಣ್ಣದ ಕಾಗದ, ತುದಿಯಲ್ಲಿ ಅಲ್ಲಾಡುವ ಹಕ್ಕಿಗಳು. ಅಷ್ಟು ದೊಡ್ಡ ತಲೆಯುಡುಗೆ ಹೊತ್ತು ರಾತ್ರಿಯಿಡೀ ಹೇಗೆ ಕುಣಿಯುತ್ತಾರೆ ಎಂಬುದು ನನಗೆ ಚಿಕ್ಕಂದಿನಿಂದ ಇರುವ ಸೋಜಿಗ. ಭಾವನ ಕಣ್ಣು ಮಾತ್ರ ಮೂಲೆಯಲ್ಲಿದ್ದ ಗುಮಟೆ ಎಂಬ ವಾದ್ಯದ ಮೇಲೆ.

ಮಣ್ಣಿನದು. ಹೊಟ್ಟೆ ಉಬ್ಬಿದ ಮಡಕೆ, ಎರಡು ಬಾಯಿ. ಅಗಲದ ಬಾಯಿಗೆ ಚರ್ಮ ಎಳೆದು ಸುತ್ತಲೂ ದಾರ ಬಿಗಿದಿದ್ದರು. ಕಿರಿದಾದ ಬಾಯಿ ಖಾಲಿ. ಕೊರಳಿಗೆ ಹಗ್ಗ ಹಾಕಿ ನೇತುಬಿಟ್ಟು, ಬಲಗೈ ಬೆರಳುಗಳಿಂದ ಚರ್ಮಕ್ಕೆ ಹೊಡೆಯುತ್ತ ಎಡಗೈ ಅಂಗೈಯನ್ನು ಖಾಲಿ ಬಾಯಿಗೆ ಮುಚ್ಚಿ ತೆಗೆದು ಮಾಡುತ್ತಾರೆ. ಮುಚ್ಚಿದರೆ ಸದ್ದು ಒಳಗೇ ಗುಮ್ಮೆನ್ನುತ್ತದೆ, ತೆಗೆದರೆ ಹೊರಗೆ ಉರುಳಿ ಬರುತ್ತದೆ. ಭಾವ ಹತ್ತಿರ ಹೋಗಿ ಆ ಎಡಗೈಯನ್ನೇ ಎಷ್ಟೋ ಹೊತ್ತು ನೋಡಿದ. ತಾನು ಸಂಬಳ ಕೂಡಿಟ್ಟು ಕೊಂಡಿದ್ದ ಪೆಡಲು ಮಾಡುತ್ತಿದ್ದ ಕೆಲಸವನ್ನೇ ಇದು ಮಾಡುತ್ತದೆ ಎಂದ.

ಚರ್ಮದ ಮಾತು ಬಂದಾಗ ಗೌಡರ ಮುಖ ಸಪ್ಪಗಾಯಿತು. ಮೊದಲೆಲ್ಲ ಉಡದ ಚರ್ಮ. 1972ರ ವನ್ಯಜೀವಿ ಕಾಯ್ದೆಯಲ್ಲಿ ಉಡ ಮೊದಲನೇ ಪಟ್ಟಿಯ ಪ್ರಾಣಿ, ಮುಟ್ಟಿದರೆ ಜೈಲು. ಈಗ ಆಡಿನ ಚರ್ಮ. ಅದು ಇಬ್ಬನಿ ಬಿದ್ದರೆ ಸಡಿಲು, ಬೆಂಕಿಗೆ ಕಾಯಿಸಿ ಕಾಯಿಸಿ ಹೊಡೆಯಬೇಕು, "ಆ ನಾದ ಇದ್ಕೆ ಬರೂದಿಲ್ಲ" ಎಂಬುದು ಗೌಡರ ತಕರಾರು. ಗಡಿಯಾಚೆ ಗೋವೆಯಲ್ಲಿ ಇದೇ ವಾದ್ಯ ಘುಮಟ್. 2019ರಲ್ಲಿ ಅಲ್ಲಿನ ಸರಕಾರ ಅದನ್ನು ರಾಜ್ಯದ ಪರಂಪರೆಯ ವಾದ್ಯ ಎಂದು ಘೋಷಿಸಿತು. ನಮ್ಮಲ್ಲಿ ಗುಮಟೆ ಹೊಡೆದು ಹಾಡುವ ಪಾಂಗಿನವರಿಗೆ ವರ್ಷಕ್ಕೊಮ್ಮೆ ಉತ್ಸವಗಳಲ್ಲಿ ಹತ್ತು ನಿಮಿಷ ಕೊಡುತ್ತಾರೆ, ಅದೂ ಮಂತ್ರಿಗಳು ಬರುವುದು ತಡವಾದರೆ. ನಾನು ಉಡದ ಪರ. ಆದರೆ ಗೌಡರ ಕಿವಿ ಸುಳ್ಳು ಹೇಳುವುದಿಲ್ಲ ಎಂಬುದೂ ಗೊತ್ತಿದೆ.

ಕತ್ತಲಾದ ಮೇಲೆ ಕುಣಿತ ಶುರುವಾಯಿತು. ಗುಮಟೆ, ಜಾಗಟೆ, ತಾಳ ಒಟ್ಟಿಗೆ ಎದ್ದಾಗ ಭಾವ ಎರಡೂ ಕಿವಿ ಮುಚ್ಚಿಕೊಂಡ. ಕರೆಂಟಿಲ್ಲದ ಸಂಗೀತ ಮೆತ್ತಗಿರುತ್ತದೆ, ಕಿವಿಗೆ ಹಿತ ಎಂದುಕೊಂಡು ಬಂದಿದ್ದ ಪಾಪ. ಜೇಬಿನಿಂದ ರಬ್ಬರಿನ ಬಿರಡೆ ತೆಗೆದು ಸಿಕ್ಕಿಸಿಕೊಂಡ. ಕೈಯಲ್ಲಿ ನವಿಲುಗರಿಯ ಕುಂಚ ಹಿಡಿದು ಸುತ್ತು ಹಾಕುವವರ ಹಿಂದೆ ಒಬ್ಬ ಹುಡುಗ ಜಾಗಟೆ ಬಡಿಯುತ್ತಿದ್ದ. ಅವನಿಗೆ ನೀರು ಕುಡಿಯಬೇಕಾಯಿತೋ ಏನೋ, ಬದಿಗೆ ನಿಂತಿದ್ದ ಭಾವನ ಕೈಗೆ ಜಾಗಟೆ ಕೊಟ್ಟು ಹೊರಟೇಹೋದ. ಯಾರೂ ಅವನ ಹೆಸರು ಕೇಳಲಿಲ್ಲ, ಎಲ್ಲಿ ಕಲಿತೆ ಎನ್ನಲಿಲ್ಲ. ಭಾವ ಹೊಡೆದ. ಸ್ವಲ್ಪ ಹೊತ್ತು ಸರಿಯಾಗಿತ್ತು, ಆಮೇಲೆ ಜಾಗಟೆ ಮುಂದೆ ಓಡತೊಡಗಿತು. ಗುಮಟೆಯ ಮುದುಕರು ಕತ್ತು ತಿರುಗಿಸದೆ, "ಓಡ್ಬೇಡ ತಮಾ," ಎಂದರು. ನಿಧಾನ ಮಾಡಿದ. ಮತ್ತೆ ಓಡಿತು. "ತಮಾ." ಪಂಕ್‌ನವರಿಗೆ ಇದೊಂದು ರೋಗ, ಎರಡು ನಿಮಿಷದಲ್ಲಿ ಹಾಡು ಮುಗಿಸುವ ಅವಸರ. ಇಲ್ಲಿ ಒಂದು ಮನೆಯ ಅಂಗಳದ ಕುಣಿತ ಮುಗಿಸಿದರೆ ಮುಂದಿನ ಮನೆ, ಅಲ್ಲಿ ಮೊರದಲ್ಲಿ ಅಕ್ಕಿ, ಕಾಯಿ, ದುಡ್ಡು, ಮನೆಯವರಿಗೆ ಹರಕೆ, ಮತ್ತೆ ಮುಂದಿನ ಮನೆ. ಬೆಳಗಿನ ತನಕ ಬಾಳಬೇಕಾದ ವೇಗ ಅದು.

ನಡುವೆ ಹಗರಣ ಎಂಬ ಅಣಕದ ಆಟ ಬಂತು. ಕೋಟು ಟೈ ಕಟ್ಟಿದವನೊಬ್ಬ ಸಾಹೇಬನಾಗಿ, ಇನ್ನೊಬ್ಬ ಕಡತ ಹೊತ್ತ ಗುಮಾಸ್ತನಾಗಿ, ಅರ್ಜಿಯೊಂದು ಮೇಜಿನಿಂದ ಮೇಜಿಗೆ ಅಲೆಯುವುದನ್ನು ಆಡಿ ತೋರಿಸಿದರು. ಪರಿಶಿಷ್ಟ ಪಂಗಡಕ್ಕೆ ಸೇರಿಸಿ ಎಂದು ದಶಕಗಳಿಂದ ಕೇಳುತ್ತಿರುವ ಜನ ಅವರು, ಅರ್ಜಿಯ ದಾರಿ ಅವರಿಗೆ ಬಾಯಿಪಾಠ. ಜನ ಬಿದ್ದು ಬಿದ್ದು ನಕ್ಕರು. ಭಾವನಿಗಂತೂ ಇದೇ ಪಂಕ್ ಎನಿಸಿಬಿಟ್ಟಿತು. ನನಗೆ ಹಾಗೆ ಹೇಳುವ ಅಗತ್ಯವೇ ಕಾಣಲಿಲ್ಲ. ಹಗರಣಕ್ಕೆ ಲಂಡನ್ನಿನ ಸರ್ಟಿಫಿಕೇಟು ಯಾಕೆ ಬೇಕು?

ಬೆಳಗಿನ ಜಾವ ಚಾ ಕುಡಿಯುವಾಗ ಭಾವ ತನ್ನ ಆಸೆ ಬಿಚ್ಚಿದ. ಜಗಲಿಯ ಮೇಲೆ ಎಲೆ ಹಾಕುತ್ತ ಕೂತಿದ್ದ ಅಜ್ಜಿಯೊಬ್ಬಳು ಸಂಜೆ ಗುನುಗಿದ್ದ ಒಂದು ತಾರ್ಲೆ ಹಾಡನ್ನು ಫೋನಿನಲ್ಲಿ ಹಿಡಿದುಕೊಳ್ಳಲೇ, ಗಿಟಾರಿಗೆ ಹೊಂದಿಸಿ ಹಾಡುತ್ತೇನೆ ಎಂದ. ಅಜ್ಜಿ ಬೇಡವೆನ್ನಲಿಲ್ಲ. "ಹಿಡ್ಕ. ತಕಂಡೋಗಿ ಎಂತ ಮಾಡ್ತೆ?"

"ಬೆಂಗಳೂರಲ್ಲಿ ಹಾಡ್ತೆ ಅಜ್ಜಿ."

"ಅಲ್ಲಿ ಯಾರ ಮದಿ?"

ಭಾವ ಯಾರ ಮದುವೆಯೂ ಅಲ್ಲ, ಸುಮ್ಮನೆ ಜನ ಬಂದು ಕೇಳುತ್ತಾರೆ ಎಂದ. ಅಜ್ಜಿಗೆ ಅದು ಅರ್ಥವಾದಂತೆ ಕಾಣಲಿಲ್ಲ, ಅಥವಾ ನಮಗಿಂತ ಚೆನ್ನಾಗಿ ಅರ್ಥವಾಯಿತು. "ಬ್ಯಾಸ್ಗೇಲಿ ನಮ್ಮ ಮೊಮ್ಮಗಳ ಮದಿ. ಅವಾಗ ಬಾ. ಹೆಂಗಸ್ರ ಸಂಗ್ತಿ ಕೂತು ಹೇಳು, ಬಂದ್ರೆ ನಿಂದೇ ಹಾಡು." ಅಷ್ಟು ಹೇಳಿ ಎಲೆಯ ತೊಟ್ಟು ಮುರಿದಳು. ಭಾವ ಫೋನು ಒಳಗಿಟ್ಟ.

ಮಂಗಳವಾರ, ಅರಬೈಲ್ ಘಟ್ಟ, ಯಲ್ಲಾಪುರ

ನಿದ್ದೆಯಿಲ್ಲದ ಕಣ್ಣಲ್ಲೇ ಗುನಗರ ಮನೆ ಹುಡುಕಿದೆವು. ಈ ಕರಾವಳಿಯಲ್ಲಿ ಮಡಕೆ ಮಾಡುವವರೂ ಗುನಗರೇ, ಎಷ್ಟೋ ಊರುಗಳ ಗ್ರಾಮದೇವರಿಗೆ ಪೂಜೆ ಮಾಡುವವರೂ ಅವರೇ. ಗುಮಟೆಯ ಮಡಕೆಗೆ ಈಗ ಕೇಳುವವರು ಕಡಿಮೆ, ಬೇಸಿಗೆಯಲ್ಲಿ ನೀರಿನ ಹೂಜಿಗೇ ಗಿರಾಕಿ ಹೆಚ್ಚು ಎಂದರು. ಆವಿಗೆ ಹೊತ್ತಿಸುವುದು ಯುಗಾದಿ ಕಳೆದ ಮೇಲೆ, ಆಗ ಒಂದು ಸೇರಿಸಿ ಸುಡುತ್ತೇವೆ ಎಂದು ಒಪ್ಪಿದರು. ಮುಂಗಡ ತೆಗೆದುಕೊಳ್ಳಲಿಲ್ಲ. ಒಡೆದು ಹೋದರೆ ಯಾರ ದುಡ್ಡು ಎಂಬ ಪ್ರಾಮಾಣಿಕ ಪ್ರಶ್ನೆ ಅವರದ್ದು.

ಅರಬೈಲ್ ಘಟ್ಟ ಏರುವಾಗ ಅದಿರಿಲ್ಲದ ಕಾಲದಲ್ಲೂ ಲಾರಿಗಳ ಸಾಲು. ಅದರ ಬಗ್ಗೆ ಬರೆಯಲು ಏನೂ ಇಲ್ಲ, ಭಾವ ಗೊರಕೆ ಹೊಡೆಯುತ್ತಿದ್ದ.

ಯಲ್ಲಾಪುರದಿಂದ ಒಳಗೆ, ಕಾಡಿನಂಚಿನ ಸಿದ್ದಿಗಳ ಕೇರಿಯೊಂದಕ್ಕೆ ಹೋದೆವು. ನನ್ನ ಜೊತೆ ಕೆಲಸ ಮಾಡಿದ ಅಣ್ಣನೊಬ್ಬ ಅಲ್ಲಿಯವನು. ಪೋರ್ಚುಗೀಸರೂ ಅರಬರೂ ಆಫ್ರಿಕದಿಂದ ಗುಲಾಮರಾಗಿ ತಂದವರಲ್ಲಿ ಗೋವೆಯಿಂದ ತಪ್ಪಿಸಿಕೊಂಡು ಈ ಕಾಡು ಸೇರಿದವರ ಸಂತತಿ ಸಿದ್ದಿಗಳು ಎಂಬುದು ಶಾಲೆಯಲ್ಲಿ ನಮಗೆ ಒಂದು ಸಾಲಿನ ಪಾಠ. ಹಿಂದೂ, ಮುಸ್ಲಿಂ, ಕ್ರಿಶ್ಚಿಯನ್ ಮೂರೂ ಇದ್ದಾರೆ. ಮೂವರಿಗೂ ಡಮಾಮಿ ಎಂಬ ವಾದ್ಯ ಒಂದೇ. ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ.

ಡಮಾಮಿ ಮರದ ದಿಂಡನ್ನು ಕೊರೆದು ಎರಡೂ ಬದಿಗೆ ಚರ್ಮ ಬಿಗಿದ ವಾದ್ಯ. ಅಕ್ಕನೊಬ್ಬಳು ಹಾಡು ಎತ್ತಿದಳು, ಉಳಿದ ಹೆಂಗಸರು ಹಿಡಿದರು, ಕೊಂಕಣಿ ಮರಾಠಿ ಕನ್ನಡ ಕೂಡಿದ ಅವರ ಮಾತಿನಲ್ಲಿ. ಕೆಲಸ ಮುಗಿಸಿ ಬಂದವರು ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಹಾಗೇ ಕುಣಿತಕ್ಕೆ ಇಳಿದರು. ಭಾವ ಈ ಸಲ ಬಿರಡೆ ಮೊದಲೇ ಹಾಕಿಕೊಂಡಿದ್ದ.

ಆಮೇಲೆ ಅಕ್ಕ, "ಈಗ ನಿಮ್ದು," ಅಂದಳು. ಗಿಟಾರು ಕಾರಿನ ಡಿಕ್ಕಿಯಿಂದ ಇಳಿಯಿತು. ಭಾವ ತನ್ನ ಬ್ಯಾಂಡಿನ ಹಳೇ ಹಾಡೊಂದನ್ನು ನಿಧಾನ ಮಾಡಿ, ಮೆಲುದನಿಯಲ್ಲಿ, ಕಣ್ಣು ಮುಚ್ಚಿ ಹಾಡಿದ. ಇಂಗ್ಲಿಷ್ ಹಾಡು, ಬಾಡಿಗೆ ಮನೆಯ ಮಾಲೀಕನ ಮೇಲಿನ ಸಿಟ್ಟು. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. ಮುಗಿದ ಮೇಲೆ ಮೀಸೆ ಚಿಗುರದ ಹುಡುಗನೊಬ್ಬ ಮುಂದೆ ಬಂದು, "ಅಣ್ಣಾ, ಎರಡನೇ ತಂತಿ ಇಳಿದದೆ," ಎಂದ. ಗಿಟಾರು ಕೇಳಿ ತೆಗೆದುಕೊಂಡ, ಕಿವಿ ಹತ್ತಿರ ಇಟ್ಟು ಶ್ರುತಿ ಮಾಡಿದ, ಆಮೇಲೆ ಭಾವ ಕನಸಿನಲ್ಲೂ ಹಿಡಿಯದ ಕಾರ್ಡುಗಳಲ್ಲಿ ಒಂದು ಪ್ರಾರ್ಥನೆಗೀತೆ ನುಡಿಸಿದ. ಚರ್ಚಿನ ಕ್ವಾಯರಿನವನಂತೆ. ಅವನಿಗೆ ಡಮಾಮಿಯೂ ಬರುತ್ತಿತ್ತು. ಆದರೆ ಅವನು ಕೇಳಿದ್ದು ಬೆಂಗಳೂರಿನಲ್ಲಿ ಎಲೆಕ್ಟ್ರಿಕ್ ಗಿಟಾರು ಸೆಕೆಂಡ್ ಹ್ಯಾಂಡಿಗೆ ಎಷ್ಟಕ್ಕೆ ಸಿಗುತ್ತದೆ ಎಂದು. ಭಾವ ಕರೆಂಟಿನಿಂದ ಮರಕ್ಕೆ ಬರುವ ದಾರಿಯಲ್ಲಿ, ಹುಡುಗ ಮರದಿಂದ ಕರೆಂಟಿಗೆ ಹೋಗುವ ದಾರಿಯಲ್ಲಿ. ಇಬ್ಬರೂ ರಾತ್ರಿ ಹನ್ನೊಂದರ ತನಕ ಜಗಲಿಯಲ್ಲಿ ಕೂತು ಮಾತಾಡಿದರು. ಆಂಪ್ಲಿಫೈಯರ್ ಮಾರಿದ್ದಕ್ಕೆ ಭಾವನಿಗೆ ಮೊದಲ ಸಲ ಹೊಟ್ಟೆ ಚುರ್ರೆಂದದ್ದು ಆಗಲೇ: ಇವನಿಗೇ ಕೊಟ್ಟುಬಿಡಬಹುದಿತ್ತು.

ಬುಧವಾರ, ಶಿರಸಿ

ಟೊಪ್ಪಿ ಉಪಯೋಗಕ್ಕೆ ಬರಲಿಲ್ಲ. ಅತ್ತೆ ಅಂಗಳದಲ್ಲೇ ಅದನ್ನು ಎತ್ತಿ ನೋಡಿ, "ಊಟಕ್ಕೆ ಬಾ," ಎಂದಷ್ಟೇ ಹೇಳಿ ಒಳಗೆ ಹೋದಳು. ಬಾಳೆಲೆ, ಒಂದೆಲಗದ ತಂಬುಳಿ, ಅಪ್ಪೆಹುಳಿ. ಅಪ್ಪೆಹುಳಿಯನ್ನು ಲೋಟದಲ್ಲಿ ಕುಡಿದ ಭಾವನ ಮುಖದಲ್ಲಿ ಮೂರು ದಿನದ ಧೂಳು ಇಳಿಯಿತು.

ಮಾವನದು ಬೇರೆ ವಿಷಯ. ಅವರು ಮದ್ದಲೆಯವರು. ಮೇಳ ಕಟ್ಟಿಕೊಂಡು ತಿರುಗಿದವರಲ್ಲ, ಊರ ತಾಳಮದ್ದಳೆಗಳಿಗೆ ಹೋಗಿ ಕೂರುವವರು. ಮಗ ಹೈಸ್ಕೂಲಿನಲ್ಲಿದ್ದಾಗ ಕಲಿಸಲು ನೋಡಿದ್ದರು. ಅವನು ಓಡಿಹೋಗಿ ಕ್ರಿಕೆಟ್ ಆಡಿದ. ಆಮೇಲೆ ಅವನ ಬ್ಯಾಂಡಿನ ವಿಡಿಯೋ ಒಂದನ್ನು ಯಾರೋ ತೋರಿಸಿದಾಗ, "ಇವ ಎಂತಕ್ಕೆ ಬೈತಾ ಇದ್ದ?" ಎಂದು ಕೇಳಿದ್ದು ನಮ್ಮ ಬಳಗದಲ್ಲೆಲ್ಲ ಪ್ರಸಿದ್ಧ. ಅಪ್ಪ ಮಗ ಸಂಗೀತದ ಮಾತೆತ್ತದೆ ವರ್ಷಗಳನ್ನು ಕಳೆದವರು. ಅಡಿಕೆಯ ಕೊಳೆರೋಗದ ಮೇ‌ಲೆ ಮಾತ್ರ ಗಂಟೆಗಟ್ಟಲೆ ಮಾತು.

ಅವತ್ತು ರಾತ್ರಿ ಪಕ್ಕದ ಮನೆಯಲ್ಲಿ ತಾಳಮದ್ದಳೆ. ವೇಷವಿಲ್ಲ, ಕುಣಿತವಿಲ್ಲ, ಜಗಲಿಯ ಮೇಲೆ ಕಂಬಳಿ ಹಾಸಿ ಭಾಗವತರು, ಮದ್ದಲೆ, ಎರಡೂ ಬದಿಗೆ ಪಾತ್ರಗಳಾಗಿ ಮಾತಾಡುವ, ಪಂಚೆ ಶಲ್ಯದ ಅರ್ಥಧಾರಿಗಳು. ಮೈಕು ತರಿಸಿದ್ದರು. ಎಂಟೂವರೆಗೆ ಕರೆಂಟು ಹೋಯಿತು, ಮೈಕೂ ಹೋಯಿತು, ಯಾರಿಗೂ ಬೇಸರವಾಗಲಿಲ್ಲ. ಮಾವ ಮದ್ದಲೆಯನ್ನು ತೊಡೆಯ ಮೇಲೆ ಎಳೆದುಕೊಂಡು, ಬೆರಳ ತುದಿಯಿಂದ ಒಂದೊಂದೇ ಬದಿ ತಟ್ಟಿ ಕೇಳುತ್ತ, ಬಾರು ಬಿಗಿ ಮಾಡಿದರು. ಭಾಗವತರು "ಕಪ್ಪು ಎರಡು" ಎಂದರು. ಯಕ್ಷಗಾನದಲ್ಲಿ ಶ್ರುತಿ ಹೇಳುವುದು ಹಾರ್ಮೋನಿಯಮ್ಮಿನ ಮನೆಗಳ ಲೆಕ್ಕದಲ್ಲಿ. ಕತ್ತಲಲ್ಲಿ ಭಾವ ನನ್ನ ಕಿವಿಯಲ್ಲಿ, "ಡಿ ಶಾರ್ಪು," ಅಂದ. ಅವನ ಕಿವಿ ಹಾಳಾದದ್ದು ಸದ್ದಿಗೆ, ಸ್ವರಕ್ಕಲ್ಲ.

ವಾಲಿಯ ಕಥೆ. ಮರೆಯಲ್ಲಿ ನಿಂತು ಬಾಣ ಬಿಟ್ಟ ರಾಮನನ್ನು ವಾಲಿ ಎದುರಿಗೆ ನಿಲ್ಲಿಸಿಕೊಂಡು ಕೇಳುವ ಭಾಗ ಬಂದಾಗ ಜಗಲಿ ನಿಶ್ಶಬ್ದ. ವಾಲಿಯ ಅರ್ಥ ಹೇಳುತ್ತಿದ್ದವರು ಊರ ಮೇಷ್ಟ್ರು. ನಿನಗೂ ನನಗೂ ಏನು ವೈರ, ನಿನ್ನ ರಾಜ್ಯಕ್ಕೆ ನಾನೆಂದು ಕಾಲಿಟ್ಟೆ, ಎದುರಿಗೆ ಬರಲು ಧೈರ್ಯ ಸಾಲಲಿಲ್ಲವೇ? ಬರೆದಿಟ್ಟ ಮಾತಲ್ಲ ಅದು, ಪದ್ಯ ಮಾತ್ರ ಹಳೆಯದು, ವಾದ ಅವತ್ತಿನದು. ರಾಮನ ಅರ್ಥಧಾರಿಗೆ ಉತ್ತರ ಹೊಳೆಯಲು ಹೊತ್ತು ಹಿಡಿಯಿತು, ಆ ಹೊತ್ತನ್ನು ಮಾವನ ಮದ್ದಲೆ ತುಂಬಿತು. ಇಲ್ಲಿ ಕೂತವರಲ್ಲಿ ಮುಕ್ಕಾಲು ಪಾಲು ಬೆಳಿಗ್ಗೆ ರಾಮನಿಗೆ ಪೂಜೆ ಮಾಡುವವರೇ. ವಾಲಿಯ ಮಾತಿಗೆ ತಲೆದೂಗಿದವರೂ ಅವರೇ. ನಾನು ಇಂಥದ್ದನ್ನು ಎಷ್ಟೋ ಸಲ ಕೇಳಿದ್ದೇನೆ. ಭಾವ ಅದೇ ಮೊದಲು ಕೇಳಿದವನಂತೆ ಬಾಯಿ ಬಿಟ್ಟು ಕೂತಿದ್ದ. ಅವನ ಬ್ಯಾಂಡಿನ ಎಲ್ಲ ಹಾಡುಗಳಲ್ಲಿ ದೊಡ್ಡವರನ್ನು ಬೈದದ್ದಿದೆ, ಆದರೆ ದೊಡ್ಡವರಿಗೆ ಉತ್ತರ ಹೇಳಲು ಒಂದು ಸರದಿ ಕೊಟ್ಟದ್ದಿಲ್ಲ.

ಮನೆಗೆ ಬರುವಾಗ ಟಾರ್ಚು ಹಿಡಿದು ಮುಂದೆ ನಡೆಯುತ್ತಿದ್ದ ಮಾವ ತಿರುಗದೆ ಕೇಳಿದರು, "ತಮಾ, ಕಿವಿ ಹ್ಯಾಂಗಿದ್ದು?"

"ಗುಂಯ್ ಹೇಳಿ ಅಪ್ಪಯ್ಯ. ನಿಲ್ತಿಲ್ಲೆ."

"ಯಂಗೂ ಇದ್ದು. ಚಂಡೆ ಪಕ್ಕ ಕೂತು ಕೂತು," ಎಂದರು ಮಾವ. ನಮಗಿಬ್ಬರಿಗೂ ಗೊತ್ತೇ ಇರಲಿಲ್ಲ. ಅತ್ತೆಗೂ ಗೊತ್ತಿರಲಿಲ್ಲ ಎಂದು ಮರುದಿನ ತಿಳಿಯಿತು.

ಗುರುವಾರ, ಶಿರಸಿ ಪೇಟೆ

2024ರಲ್ಲಿ ಮಾರಿಕಾಂಬೆಯ ಜಾತ್ರೆ ಆಗಿದ್ದರಿಂದ 2025ರಲ್ಲಿ ಬೇಡರ ವೇಷ. ಶಿರಸಿಯಲ್ಲಿ ಅವೆರಡೂ ವರ್ಷ ಬಿಟ್ಟು ವರ್ಷ ಬರುತ್ತವೆ. ಮಧ್ಯಾಹ್ನವೇ ಒಂದು ಗಲ್ಲಿಗೆ ಹೋಗಿ ವೇಷ ಕಟ್ಟುವುದನ್ನು ನೋಡಿದೆವು. ಕೆಂಪು ಬಟ್ಟೆ, ಮುಖಕ್ಕೆ ಬಣ್ಣ, ದಪ್ಪ ಮೀಸೆ, ಬೆನ್ನಿಗೆ ನವಿಲುಗರಿಗಳ ದೊಡ್ಡ ಬೀಸಣಿಗೆ ಬಿಗಿಯುತ್ತಾರೆ. ಕಟ್ಟಿಸಿಕೊಳ್ಳುವವನು ಗಂಟೆಗಟ್ಟಲೆ ಅಲುಗದೆ ಕೂರಬೇಕು. ರಾತ್ರಿ ಅದೇ ಮನುಷ್ಯ ಹಾರುತ್ತಾನೆ.

ಊರನ್ನು ಪೀಡಿಸುತ್ತಿದ್ದ ಬೇಡನ ಕಥೆ ಅದು. ರಾತ್ರಿ ಪೇಟೆಯಲ್ಲಿ ತಮಟೆಗಳು ಎದ್ದಾಗ, ಸೊಂಟಕ್ಕೆ ಕಟ್ಟಿದ ಹಗ್ಗವನ್ನು ಹಿಂದಿನಿಂದ ಇಬ್ಬರು ಹಿಡಿದೆಳೆಯುತ್ತಿದ್ದರೂ ಕತ್ತಿ ಬೀಸುತ್ತ ಬೇಡ ಜನರ ಮೇಲೆ ಏರಿ ಬಂದ. ಜನ ಹಿಂದೆ ಸರಿದರು, ಮತ್ತೆ ಮುಂದೆ ನುಗ್ಗಿದರು. ಭಾವ ನನ್ನ ಕೈ ಬಿಟ್ಟು ಆ ನೂಕುನುಗ್ಗಲಿನೊಳಗೆ ಮಾಯವಾದ. ಪಂಕ್ ಕಾರ್ಯಕ್ರಮಗಳಲ್ಲಿ ವೇದಿಕೆಯ ಮುಂದೆ ಹೀಗೇ ಹೊಡೆದಾಡಿಕೊಂಡಂತೆ ಕುಣಿಯುತ್ತಾರಂತೆ. ಅರ್ಧ ಗಂಟೆ ಬಿಟ್ಟು ಬೆವರಿನಲ್ಲಿ ಮಿಂದು ಬಂದ, ಒಂದು ಚಪ್ಪಲಿ ಇಲ್ಲ, ಒಂದು ಕಿವಿಯ ಬಿರಡೆಯೂ ಇಲ್ಲ. ಡಾಕ್ಟರಿಗೆ ಏನು ಹೇಳುತ್ತಿ ಎಂದೆ. ಡಾಕ್ಟರಿಗೆ ಶಿರಸಿ ಗೊತ್ತಿಲ್ಲ ಬಿಡು ಅಂದ.

ಶುಕ್ರವಾರ

ಬೆಳಿಗ್ಗೆ ಎಡಗಿವಿಯ ಕೊರೆತ ಹೆಚ್ಚಾಗಿತ್ತು. ಭಾವ ಹೊಳೆಯಲ್ಲಿ ಕಾಲು ಇಳಿಬಿಟ್ಟು ಕೂತು ಲೆಕ್ಕ ಹಾಕುತ್ತಿದ್ದ. ಜನಪದ ಆಲ್ಬಂ ಮಾಡುವ ಯೋಚನೆ ಸದ್ಯಕ್ಕೆ ಇಲ್ಲವಂತೆ. ಬೆಂಗಳೂರಿನ ಬ್ಯಾಂಡುಗಳು ಹಳ್ಳಿಯ ರಾಗವೊಂದನ್ನು ಎತ್ತಿ, ಅದರ ಕೆಳಗೆ ಬೇಸ್ ಗಿಟಾರು ಹಾಕಿ, ಹೆಸರಿನ ಜಾಗದಲ್ಲಿ 'ಸಾಂಪ್ರದಾಯಿಕ' ಎಂದು ಬರೆದು ಮುಗಿಸುವುದನ್ನು ಅವನೂ ನೋಡಿದ್ದಾನೆ, ನಾನೂ ನೋಡಿದ್ದೇನೆ. ರಾಗ ತಂದವರು ಅದರ ಜೊತೆ ಬರುವ ಕೆಲಸವನ್ನು ಅಲ್ಲೇ ಬಿಟ್ಟು ಬಂದಿರುತ್ತಾರೆ: ಬೆಳಗಿನವರೆಗೆ ಜಾಗಟೆ ಹೊಡೆಯುವುದು, ಮದುವೆಗೆ ಹೋಗಿ ಹೆಂಗಸರ ಸಾಲಿನಲ್ಲಿ ಕೂರುವುದು, ರಾಮನಿಗೆ ಉತ್ತರ ಹೊಳೆಯುವ ತನಕ ಮದ್ದಲೆ ನುಡಿಸುತ್ತಿರುವುದು. ಹಾಡಿನಷ್ಟೇ ಅದೂ ಹಾಡು ಎಂಬುದು ನನ್ನ ಅಂಬೋಣ. ಭಾವ ಒಪ್ಪಿದನೋ ಇಲ್ಲವೋ, ವಾದಿಸಲಿಲ್ಲ.

ಅಷ್ಟರಲ್ಲಿ ಅಂಕೋಲೆಯ ಗೌಡರ ಫೋನು. ಗುನಗರ ಮನೆಯ ಮಡಕೆಯ ಸುದ್ದಿ ಅವರಿಗೆ ಮುಟ್ಟಿತ್ತು. ಆವಿಗೆ ಇಳಿದ ಮೇಲೆ ನಾನೇ ತಂದು ಬಸ್ಸಿನಲ್ಲಿ ಬೆಂಗಳೂರಿಗೆ ಕಳಿಸುತ್ತೇನೆ, ಚರ್ಮ ಅಲ್ಲೇ ಹಾಕಿಸಿಕೊಳ್ಳುತ್ತಾನೆ ಎಂದೆ. ಗೌಡರು ಒಪ್ಪಲಿಲ್ಲ. "ಮಡಕಿ ಕಳ್ಸೂದು ಬ್ಯಾಡ. ಹೊಡಿಯೋನೇ ಬರ್ಲಿ. ಅವ್ನ ಕೈ ನೋಡ್ಕಂಡೇ ಚರ್ಮ ಬಿಗೀಬೇಕು. ಮದಿಗೂ ಆಯ್ತು."

ಫೋನು ಸ್ಪೀಕರಿನಲ್ಲಿತ್ತು. ಭಾವ ಕೂತಲ್ಲಿಂದಲೇ ತನ್ನ ಆಫೀಸಿನ ರಜೆಯ ಆ್ಯಪ್ ತೆಗೆದ.

"ನಾಕು ದಿನ ಹಾಕ್ತಿ. ಕಾರಣ ಎಂತ ಬರೆಯವು?"

"ಮದುವೆ ಅಂತ ಬರಿ."

"ಯಾರದು ಅಂತ ಕೇಳ್ತ."

"ಮೊಮ್ಮಗಳದು ಅನ್ನು."